ಪರದೆಯ ಮೇಲಿನ ಮೋಟಾರು ಸೈಕಲು

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಮೈಸೂರು ರಸ್ತೆಯ ಮಗ್ಗುಲಿಗೆ ದೀಪಾಂಜಲಿ ನಗರವೆಂಬ ಬಡಾವಣೆ ಇದೆ. 2015ರಿಂದ ಇಲ್ಲಿ ಮೆಟ್ರೋ ರೈಲು ನೆತ್ತಿಯ ಮೇಲೆ ಓಡಾಡುತ್ತಿದ್ದರೂ ಕೆಳಗಿನ ರಸ್ತೆಯಲ್ಲಿ ಮೋಟಾರು ಸೈಕಲುಗಳ ಪ್ರವಾಹ ಕಡಮೆಯಾದಂತೆ ಕಾಣುವುದಿಲ್ಲ. ಇಲ್ಲಿಯ ತರುಣರಲ್ಲಿ ಅನೇಕರು ನಿಜವಾದ ಮೋಟಾರು ಸೈಕಲನ್ನು ಹತ್ತುವ ಮೊದಲೇ ಇನ್ನೊಂದು ಬಗೆಯ ಮೋಟಾರು ಸೈಕಲನ್ನು ಬಹುದೂರ ಓಡಿಸಿರುತ್ತಾರೆ. ಅದು ಗಣಕಯಂತ್ರದ ಇಲ್ಲವೆ ಮೊಬೈಲಿನ ಪರದೆಯ ಮೇಲೆ ಓಡುವ ವಾಹನ. ಅದಕ್ಕೆ ಪೆಟ್ರೋಲು ಬೇಡ, ಪರವಾನಗಿಯೂ ಬೇಡ.

ಈ ಆಟಗಳ ವಿಚಾರವಾಗಿ ಆಟಗಾರರನ್ನು ಕೇಳಿದರೆ ಎರಡು ತೀರ್ಪುಗಳು ಕೇಳಿಬರುತ್ತವೆ. "ಇದು ಬರಿಯ ಆಟಿಕೆ, ಗಾಡಿ ಬೀಳುವುದೇ ಇಲ್ಲ" ಎಂಬುದು ಒಂದು. "ಇದು ವಿಪರೀತ ಕಷ್ಟ, ಮುಟ್ಟಿದರೆ ಬೀಳುತ್ತದೆ, ಕಾರಿನ ಆಟವೇ ವಾಸಿ" ಎಂಬುದು ಇನ್ನೊಂದು. ಮೊದಲನೆಯದು ಹಳೆಯ ಆಟಗಳ ಹಾಗೂ ಮೊಬೈಲಿನ ಆಟಗಳ ಮೇಲಿನ ದೂರು. ಎರಡನೆಯದು ಹೊಸ ಅನುಕರಣ ಆಟಗಳ ಮೇಲಿನದು. ಪರಸ್ಪರ ವಿರುದ್ಧವೆಂದು ತೋರುವ ಈ ಎರಡು ಮಾತುಗಳಿಗೂ ಮೂಲ ಒಂದೇ ಎಂಬುದು ನಮ್ಮ ಅಭಿಪ್ರಾಯ. ಆ ಮೂಲವನ್ನು ಕಾಣಬೇಕಾದರೆ ಯಂತ್ರಶಾಸ್ತ್ರದ ಒಂದೆರಡು ತತ್ತ್ವಗಳನ್ನು ನೆನಪಿಗೆ ತಂದುಕೊಳ್ಳಬೇಕು.

ಮೋಟಾರು ಸೈಕಲು ತಿರುವಿನಲ್ಲಿ ಏಕೆ ಬಾಗುತ್ತದೆ? ವೃತ್ತಾಕಾರವಾಗಿ ಚಲಿಸುವ ಯಾವುದೇ ವಸ್ತುವಿಗೆ ಕೇಂದ್ರದ ಕಡೆಗೆ ಎಳೆಯುವ ಬಲವೊಂದು ಬೇಕು. ರಸ್ತೆಗೂ ಟೈರಿಗೂ ನಡುವಣ ಘರ್ಷಣೆಯೇ ಆ ಬಲವನ್ನು ಒದಗಿಸುತ್ತದೆ. ಆದರೆ ಈ ಬಲ ಬೀಳುವುದು ನೆಲದ ಮಟ್ಟದಲ್ಲಿ. ಸವಾರ ಮತ್ತು ಗಾಡಿಯ ಗುರುತ್ವಕೇಂದ್ರವಾದರೋ ಮೇಲಿದೆ. ಗಾಡಿ ನೆಟ್ಟಗೆ ನಿಂತಿದ್ದರೆ ಹೊರಮಗ್ಗುಲಿಗೆ ಉರುಳಿಬಿಡುತ್ತದೆ. ಒಳಮಗ್ಗುಲಿಗೆ ಬಾಗಿದಾಗ ಮಾತ್ರ ಗುರುತ್ವವು ಉರುಳಿಸುವುದನ್ನೂ ಘರ್ಷಣೆಯು ಉರುಳಿಸುವುದನ್ನೂ ಸರಿದೂಗಿಸಬಹುದು. ಬಾಗಬೇಕಾದ ಕೋನದ ಟ್ಯಾಂಜೆಂಟ್ ಬೆಲೆಯು ವೇಗದ ವರ್ಗವನ್ನು ತಿರುವಿನ ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷ ಇವುಗಳ ಗುಣಲಬ್ಧದಿಂದ ಭಾಗಿಸಿದಷ್ಟು. (ಟೈರಿನ ಅಗಲವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.)

ಮೈಸೂರು ರಸ್ತೆಯಿಂದ ಬಡಾವಣೆಯ ಒಳರಸ್ತೆಗೆ ತಿರುಗುವ ಒಂದು ಮೂಲೆಯನ್ನು ಊಹಿಸಿಕೊಳ್ಳಿ. ತ್ರಿಜ್ಯ 10 ಮೀಟರ್ ಇರಲಿ. ಗಂಟೆಗೆ 18 ಕಿಲೋಮೀಟರ್, ಎಂದರೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ತಿರುಗಿದರೆ ಬಾಗು ಸುಮಾರು 14 ಡಿಗ್ರಿ. ವೇಗವನ್ನು ಇಮ್ಮಡಿ ಮಾಡಿ 36 ಕಿಲೋಮೀಟರಿಗೆ ಏರಿಸಿದರೆ ಕೋನ 28 ಆಗುವುದೆಂದು ಭಾವಿಸಬೇಡಿ. ಅದು 45 ಡಿಗ್ರಿಗೂ ತುಸು ಹೆಚ್ಚು! ಅಷ್ಟು ಬಾಗುವುದಕ್ಕೆ ಘರ್ಷಣಾಂಕವು 1ನ್ನು ಮೀರಬೇಕು. ಒಣಗಿದ ಡಾಂಬರು ರಸ್ತೆಯ ಮೇಲೆ ಸಾಧಾರಣ ಟೈರಿಗೆ 0.7 ಎಂದು ಇಟ್ಟುಕೊಂಡರೆ ಈ ಮೂಲೆಯ ಮಿತಿ ಗಂಟೆಗೆ 30 ಕಿಲೋಮೀಟರ್. ಮಳೆ ಬಂದು 0.4ಕ್ಕೆ ಇಳಿದರೆ 22 ಕಿಲೋಮೀಟರ್ ಅಷ್ಟೆ. ಪಂದ್ಯದ ಸವಾರರು 60 ಡಿಗ್ರಿಗೂ ಮಿಕ್ಕಿ ಬಾಗುತ್ತಾರೆಂಬುದು ನಿಜ. ಅವರ ಟೈರು ಬೇರೆ, ನೆಲವೂ ಬೇರೆ.

ಈಗ ಆಟಗಳಿಗೆ ಬರೋಣ. 1985ರಲ್ಲಿ ಜಪಾನಿನ ಸೆಗಾ ಸಂಸ್ಥೆಗಾಗಿ ಯು ಸುಜುಕಿ ಎಂಬವರು ರಚಿಸಿದ 'ಹ್ಯಾಂಗ್-ಆನ್' ಈ ಜಾತಿಯ ಆಟಗಳಲ್ಲಿ ಹೆಸರುವಾಸಿಯಾದುದು. ಅದರ ಒಂದು ಮಾದರಿಯಲ್ಲಿ ಆಟಗಾರನು ಮೋಟಾರು ಸೈಕಲಿನ ಪ್ರತಿಕೃತಿಯ ಮೇಲೆಯೇ ಕುಳಿತು, ಮೈಭಾರದಿಂದ ಅದನ್ನು ಅತ್ತಿತ್ತ ಬಾಗಿಸಬೇಕಾಗಿತ್ತು. 1991ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯ 'ರೋಡ್ ರ‍್ಯಾಶ್' ಬಂದಿತು. ಪಕ್ಕದ ಸವಾರನಿಗೆ ಬಾರಿಸಿ ಮುಂದೆ ಹೋಗುವ ಈ ಆಟದ ಸಂಸ್ಕಾರವನ್ನು ನಾವು ಹೊಗಳಲಾರೆವು. ಆದರೂ 1996ರಲ್ಲಿ ಗಣಕಯಂತ್ರಕ್ಕೆ ಬಂದ ಅದರ ರೂಪವನ್ನು ನಮ್ಮ ನಾಡಿನ ಒಂದು ಪೀಳಿಗೆಯೇ ಅಕ್ಕರೆಯಿಂದ ನೆನೆಯುತ್ತದೆ. ಇಂತಹ ಹಳೆಯ ಆಟಗಳಲ್ಲಿ ಬಾಗುವುದೆಂದರೆ ಮೊದಲೇ ಬರೆದಿಟ್ಟ ಚಿತ್ರಗಳನ್ನು ಬದಲಾಯಿಸುವುದು. ಗುಂಡಿಯನ್ನು ಒತ್ತಿದರೆ ಬಾಗಿದ ಸವಾರನ ಚಿತ್ರ ಬರುತ್ತದೆ. ತಿರುವಿನಲ್ಲಿ ವೇಗ ಹೆಚ್ಚಾದರೆ ಗಾಡಿ ರಸ್ತೆಯ ಹೊರ ಅಂಚಿಗೆ ಸರಿಯುತ್ತದೆಯೇ ಹೊರತು ಟೈರು ಜಾರಿ ಮಲಗುವುದಿಲ್ಲ. ನಾವು ಮೇಲೆ ಮಾಡಿದ ಲೆಕ್ಕ ಅಲ್ಲಿ ನಡೆಯುವುದೇ ಇಲ್ಲ. ಆದುದರಿಂದ 'ಆಟಿಕೆ' ಎಂಬ ತೀರ್ಪು ಅನ್ಯಾಯವೇನಲ್ಲ.

ಹೊಸ ಅನುಕರಣ ಆಟಗಳ ಮಾತು ಬೇರೆ. ಇಟಲಿಯ ಮೈಲ್‌ಸ್ಟೋನ್ ಸಂಸ್ಥೆಯ 'ಮೋಟೋಜಿಪಿ' ಆಟಗಳಲ್ಲಿಯೂ, 2015ರಲ್ಲಿ ಆರಂಭವಾದ 'ರೈಡ್' ಮಾಲೆಯಲ್ಲಿಯೂ ಗಾಡಿಯ ಚಲನೆಯನ್ನು ಗಣಕಯಂತ್ರವು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ. ಬೇಕೆನಿಸಿದರೆ ಮುಂದಿನ ಬ್ರೇಕನ್ನೂ ಹಿಂದಿನದನ್ನೂ ಬೇರೆ ಬೇರೆಯಾಗಿ ಹಿಡಿಯಬಹುದು. ಆಟಗಾರರ ದೂರು ಹುಟ್ಟುವುದು ಇಲ್ಲಿಯೇ: "ತಿರುವಿನಲ್ಲಿ ಮುಂದಿನ ಬ್ರೇಕು ಮುಟ್ಟಿದೆ, ಬಿದ್ದೆ." ಬೀಳಲೇಬೇಕು. ಟೈರಿನ ಹಿಡಿತವು ಕೈಯಲ್ಲಿರುವ ಹಣದಂತೆ. ತಿರುಗಲೂ ನಿಲ್ಲಲೂ ಅದೇ ಗಂಟಿನಿಂದ ಖರ್ಚಾಗಬೇಕು. ನಮ್ಮ 10 ಮೀಟರ್ ಮೂಲೆಯಲ್ಲಿ 27 ಕಿಲೋಮೀಟರ್ ವೇಗವಿದ್ದರೆ ತಿರುಗುವುದಕ್ಕೇ 0.57 ಬೇಕು. ಇರುವುದು 0.7. ಬ್ರೇಕಿಗೆ ಉಳಿಯುವುದೆಷ್ಟು? 0.13 ಅಲ್ಲ, ಎರಡು ಬಲಗಳೂ ಲಂಬಕೋನದಲ್ಲಿ ಇರುವುದರಿಂದ ಪೈಥಾಗೊರಸನ ಪ್ರಮೇಯದಂತೆ ಸುಮಾರು 0.4 ಉಳಿಯುತ್ತದೆ. ಗಾಬರಿಯಿಂದ ಇದಕ್ಕಿಂತ ಬಲವಾಗಿ ಹಿಡಿದರೆ ಚಕ್ರ ಜಾರಿತು. ಈ ವಿಷಯದಲ್ಲಿ ಆಟ ಹೇಳುತ್ತಿರುವುದು ಸತ್ಯ.

ಹಾಗಾದರೆ ನಿಜವಾದ ರಸ್ತೆಯಲ್ಲಿ ದಿನವೂ ಬೀಳದೆ ಹೋಗಿಬರುವವರು ಪರದೆಯ ಮೇಲೆ ಪದೇ ಪದೇ ಬೀಳುವುದೇಕೆ? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಎಜ್ಡಿಯನ್ನು ದಶಕಗಟ್ಟಲೆ ಓಡಿಸಿದ ಹಿರಿಯರು ಕೂಡ ಈ ಆಟದ ಮೊದಲ ತಿರುವಿನಲ್ಲಿಯೇ ಮಣ್ಣುಪಾಲಾಗುತ್ತಾರೆ, ಎಂಟನೆಯ ತರಗತಿಯ ಹುಡುಗ ನಗುತ್ತಾನೆ. ಇದಕ್ಕೆ ಎರಡು ಕಾರಣಗಳುಂಟು.

ಒಂದನೆಯದು ಕೈಗೆ ಸಂಬಂಧಿಸಿದ್ದು. ಎಡಕ್ಕೆ ತಿರುಗಬೇಕಾದರೆ ಗಾಡಿ ಮೊದಲು ಎಡಕ್ಕೆ ಬಾಗಬೇಕು. ಓಡುವ ಗಾಡಿಯನ್ನು ಬಾಗಿಸುವ ಉಪಾಯ ವಿಚಿತ್ರವಾಗಿದೆ: ಹಿಡಿಕೆಯನ್ನು ಕ್ಷಣಕಾಲ ಬಲಕ್ಕೆ ತಿರುಗಿಸಬೇಕು! ಚಕ್ರಗಳು ಬಲಕ್ಕೆ ಸರಿಯುತ್ತವೆ, ಮೇಲಿನ ಭಾರ ಎಡಕ್ಕೆ ವಾಲುತ್ತದೆ, ಬಳಿಕ ಹಿಡಿಕೆ ಎಡಕ್ಕೆ ಬರುತ್ತದೆ. ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ 1869ರಷ್ಟು ಹಿಂದೆಯೇ ಆ ಕಾಲದ ಸೈಕಲುಗಳ ವಿಚಾರದಲ್ಲಿ ಇದನ್ನು ವಿವರಿಸಿದ್ದನು. ಸೈಕಲು ಬಲ್ಲ ಪ್ರತಿಯೊಬ್ಬನೂ ಇದನ್ನು ಮಾಡುತ್ತಾನೆ, ಮಾಡುತ್ತಿರುವೆನೆಂದು ಅರಿಯನು. ಆಟದ ಹಿಡಿಯಲ್ಲಿಯಾದರೋ ಹೆಬ್ಬೆರಳನ್ನು ಎಡಕ್ಕೆ ತಳ್ಳಿದರೆ 'ಎಡಕ್ಕೆ ಬಾಗು' ಎಂಬ ಆಜ್ಞೆ ಹೋಗುತ್ತದೆ. ಹಿಡಿಕೆಯ ಸೂಕ್ಷ್ಮವನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಹಿರಿಯರ ಕೈ ಕಲಿತದ್ದು ಇಲ್ಲಿ ಕೆಲಸಕ್ಕೆ ಬಾರದು. ಹುಡುಗನ ಹೆಬ್ಬೆರಳು ಕಲಿತದ್ದು ರಸ್ತೆಯಲ್ಲಿ ಕೆಲಸಕ್ಕೆ ಬಾರದು.

ಎರಡನೆಯದು ಕಿವಿಗೆ ಸಂಬಂಧಿಸಿದ್ದು. ನಮ್ಮ ಒಳಗಿವಿಯಲ್ಲಿ ಸಮತೋಲವನ್ನು ಅರಿಯುವ ಅಂಗವಿದೆ. ಸರಿಯಾಗಿ ಬಾಗಿ ತಿರುಗುತ್ತಿರುವ ಸವಾರನಿಗೆ ಪಕ್ಕಕ್ಕೆ ಬೀಳುವಂತೆ ತೋರುವುದೇ ಇಲ್ಲ. ಗುರುತ್ವವೂ ಕೇಂದ್ರಾಪಗಾಮಿ ಬಲವೂ ಕೂಡಿ ಬೆನ್ನಿನ ನೇರಕ್ಕೆ ಕೆಳಗೆ ಒತ್ತುತ್ತವೆ. 30 ಡಿಗ್ರಿ ಬಾಗಿದ್ದರೆ ಅವನ ತೂಕ ಸುಮಾರು 1.15 ಮಡಿಯಾದಂತೆ ಆಸನಕ್ಕೆ ಗೊತ್ತಾಗುತ್ತದೆ. ಬಲ ತುಸು ಹೆಚ್ಚುಕಡಮೆಯಾದರೂ ಮೈಗೆ ತಿಳಿದು, ಕೈ ತಾನಾಗಿ ತಿದ್ದಿಕೊಳ್ಳುತ್ತದೆ. ಕುರ್ಚಿಯ ಮೇಲೆ ಕುಳಿತ ಆಟಗಾರನಿಗೆ ಈ ಸುದ್ದಿ ಯಾವುದೂ ಬರುವುದಿಲ್ಲ. ಕಣ್ಣೊಂದರಿಂದಲೇ ಅವನು ಎಲ್ಲವನ್ನೂ ಊಹಿಸಬೇಕು. ಟೈರು ಜಾರಲಾರಂಭಿಸಿದ್ದು ಕಣ್ಣಿಗೆ ಬೀಳುವ ವೇಳೆಗೆ ಕಾಲ ಮಿಂಚಿರುತ್ತದೆ. ಕೆಲವು ಆಟಗಳು ದಿಗಂತವನ್ನೇ ಓರೆ ಮಾಡಿ ತೋರಿಸುತ್ತವೆ. ಅದು ಸಹಜವೆಂದು ಕೆಲವರು ಮೆಚ್ಚುತ್ತಾರೆ, ತಲೆ ತಿರುಗುತ್ತದೆಂದು ಕೆಲವರು ಬಿಟ್ಟುಬಿಡುತ್ತಾರೆ. ಕಣ್ಣು 'ಬಾಗಿದೆ' ಎಂದು, ಕಿವಿ 'ಇಲ್ಲ' ಎಂದು ಸಾಕ್ಷಿ ಹೇಳಿದರೆ ತಲೆ ತಿರುಗುವುದು ಆಶ್ಚರ್ಯವಲ್ಲ.

ಈಗ ಆಟಗಾರರ ತೀರ್ಪುಗಳನ್ನು ತೂಗಬಹುದು. ಮೋಟಾರು ಸೈಕಲನ್ನು ನಡೆಸುವುದರಲ್ಲಿ ಸವಾರನ ಮೈಯೂ ಯಂತ್ರದ ಒಂದು ಭಾಗ. ಮೈಯನ್ನು ಬಿಟ್ಟು ಆಟ ಕಟ್ಟುವವನು ಒಂದೋ ಭೌತಶಾಸ್ತ್ರವನ್ನು ಸಡಿಲಿಸಬೇಕು, ಆಗ ಅದು ಆಟಿಕೆ. ಇಲ್ಲವೇ ಅದನ್ನು ಬಿಗಿಯಾಗಿ ಹಿಡಿಯಬೇಕು, ಆಗ ಅದು ಕುರುಡನಿಗೆ ಹೂಡಿದ ಪರೀಕ್ಷೆ. ಕಾರಿನ ಆಟದಲ್ಲಿ ಈ ಇಕ್ಕಟ್ಟು ಕಡಮೆ. ನಾಲ್ಕು ಚಕ್ರಗಳ ವಾಹನ ಸಾಮಾನ್ಯವಾಗಿ ತಾನಾಗಿ ನಿಂತಿರುತ್ತದೆ, ಚಾಲಕನು ಬೀಳದಂತೆ ನೋಡಿಕೊಳ್ಳಬೇಕಾಗಿಲ್ಲ.

ಆಟದಿಂದ ಕಲಿಯುವುದೇನೂ ಇಲ್ಲವೆಂದಲ್ಲ. ಪಂದ್ಯದ ಹಾದಿಯಲ್ಲಿ ಯಾವ ತಿರುವಿನ ಬಳಿಕ ಯಾವುದು, ಬ್ರೇಕನ್ನು ತಿರುವಿಗೆ ಮೊದಲೇ ಹಿಡಿಯಬೇಕೆಂಬುದು, ಇವು ತಲೆಗೆ ಹತ್ತುತ್ತವೆ. ಆದರೆ ಗೇರುಳ್ಳ ಮೋಟಾರು ಸೈಕಲಿಗೆ ಕಾಯಿದೆ ಗೊತ್ತುಮಾಡಿದ 18 ವರ್ಷ ತುಂಬುವ ತನಕ ಪರದೆಯ ಮೇಲೆ ಓಡಿಸಿದವನು, ಒಣರಸ್ತೆಯ 30 ಮತ್ತು ಮಳೆರಸ್ತೆಯ 22 ಇವುಗಳ ಅಂತರವನ್ನು ಹೆಬ್ಬೆರಳಿನಿಂದ ತಿಳಿದಿರುವುದಿಲ್ಲ. ಪರದೆಯ ಮೇಲೆ ಬಿದ್ದವನು ಕೆಲವೇ ಕ್ಷಣಗಳಲ್ಲಿ ಮತ್ತೆ ಗಾಡಿಯ ಮೇಲಿರುತ್ತಾನೆ.

ಈ ಕೊರತೆಯನ್ನು ತುಂಬುವ ಪ್ರಯತ್ನಗಳು ನಡೆದಿವೆ. ಇಟಲಿಯ ಪಾದುವಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಕೊಸಾಲ್ಟರ್ ಮತ್ತು ಅವರ ಸಂಗಡಿಗರು ರಚಿಸಿದ ಅನುಕರಣ ಯಂತ್ರದಲ್ಲಿ ನಿಜವಾದ ಹಿಡಿಕೆಯುಂಟು. ಸವಾರನು ಅದನ್ನು ಎಷ್ಟು ಬಲದಿಂದ ತಿರುಗಿಸುತ್ತಾನೆಂಬುದನ್ನು ಯಂತ್ರ ಅಳೆಯುತ್ತದೆ. ಕೈಯ ಸಮಸ್ಯೆ ಹೀಗೆ ಬಹುಮಟ್ಟಿಗೆ ಬಗೆಹರಿಯುತ್ತದೆ. ಕಿವಿಯದು ಹಾಗಲ್ಲ. ನೆಲಕ್ಕೆ ಕಚ್ಚಿ ನಿಂತ ಆಸನವನ್ನು 30 ಡಿಗ್ರಿ ಓರೆ ಮಾಡಿದರೆ ಕುಳಿತವನು ಪಕ್ಕಕ್ಕೆ ಜಾರುತ್ತಾನೆ, ಬೆನ್ನಿನ ನೇರಕ್ಕೆ ಒತ್ತಲ್ಪಡುವುದಿಲ್ಲ. 'ಹ್ಯಾಂಗ್-ಆನ್' ಪ್ರತಿಕೃತಿಯ ಮೇಲೆ ಕುಳಿತವರಿಗೂ ಆಗುತ್ತಿದ್ದುದು ಇದೇ. ಕೋಣೆಯೊಳಗೆ ಗುರುತ್ವ ಒಂದೇ ಮಡಿ, ಅದನ್ನು 1.15 ಮಡಿಯಾಗಿ ಬಹುಹೊತ್ತು ನಿಲ್ಲಿಸಬೇಕಾದರೆ ಇಡೀ ಆಸನವನ್ನೇ ದೊಡ್ಡದೊಂದು ವೃತ್ತದಲ್ಲಿ ಸುತ್ತಿಸಬೇಕಾಗುತ್ತದೆ.