ಚೀನೀ ಪದರಭಕ್ಷ್ಯದ ಎರಡು ಕಣಕಗಳು

ಚೀನೀಯರ ಪಂಚಾಂಗದ ಎಂಟನೆಯ ತಿಂಗಳ ಹದಿನೈದನೆಯ ದಿನ, ಶರತ್ಕಾಲದ ಪೂರ್ಣಚಂದ್ರನನ್ನು ಕಂಡು ಹರ್ಷಿಸುವ ಹಬ್ಬದಲ್ಲಿ, ಬಂಧುಮಿತ್ರರೆಲ್ಲ ಹಂಚಿಕೊಂಡು ತಿನ್ನುವ ಮೂನ್‌ಕೇಕಿನ ಹೆಸರನ್ನು ನಮ್ಮಲ್ಲಿ ಹಲವರು ಕೇಳಿರಬಹುದು. ಆದರೆ ಆ ಒಂದು ಹೆಸರಿನ ಮರೆಯಲ್ಲಿ, ಪಾಕವಿಧಾನದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಕ್ಷ್ಯಗಳಿವೆಯೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಕ್ಯಾಂಟನ್ ಕಡೆಯವರು ಸಕ್ಕರೆಯ ಪಾಕದಲ್ಲಿ ಕಲಸಿದ ಮೆತ್ತನೆಯ ಹಿಟ್ಟನ್ನು ಅಚ್ಚಿಗೆ ಒತ್ತಿ, ಮೇಲೆ ಹೂವೂ ಅಕ್ಷರವೂ ಮೂಡಿದ ಕಂದುಬಣ್ಣದ ಬಿಲ್ಲೆಗಳನ್ನು ಮಾಡುವರು. ಯಾಂಗ್‌ತ್ಸೆ ನದಿಯ ಕೆಳಪ್ರಾಂತದ ಸುಝೌ ನಗರದವರು ಮಾಡುವುದಾದರೋ ಅಚ್ಚಿನ ಹಂಗಿಲ್ಲದ, ಬೆರಳು ಸೋಂಕಿದರೆ ಎಸಳೆಸಳಾಗಿ ಉದುರುವ, ಒಳಗೆ ಹೂರಣವನ್ನು ಬಚ್ಚಿಟ್ಟುಕೊಂಡ ಪದರಭಕ್ಷ್ಯ. ಈ ಎರಡನೆಯದರ ಬಳಗ ಬಹು ದೊಡ್ಡದು. ಚಾವೋಝೌ ಪ್ರದೇಶದವರು ಅದನ್ನು ಸುರುಳಿ ಕಾಣುವಂತೆ ಕೊಯ್ದು ಮಾಡುವರು. ಅಲ್ಲಿಂದಲೂ ಫುಜಿಯನ್ನಿನಿಂದಲೂ ಸಮುದ್ರ ದಾಟಿಹೋದವರ ಸಂತತಿ ಮಲೇಷ್ಯದ ಪೆನಾಂಗಿನಲ್ಲಿ ಹೆಸರುಬೇಳೆಯ ಹೂರಣ ತುಂಬಿ ಗುಂಡಗೆ ಪುಟ್ಟದಾಗಿ ಮಾಡುವುದು. ತೈವಾನಿನ ತೈಚುಂಗ್ ನಗರ ಇಂಥ ಭಕ್ಷ್ಯಗಳಿಗೇ ಹೆಸರಾದುದು. ಹಾಂಗ್‌ಕಾಂಗಿನ ಅಂಗಡಿಗಳಲ್ಲಿ ಸಿಕ್ಕುವ ಒಂದು ಬಗೆಗೆ ಸಕ್ಕರೆಯಲ್ಲಿ ಬೇಯಿಸಿದ ಬೂದುಗುಂಬಳಕಾಯಿಯೇ ಹೂರಣ. ಕಾಶಿಹಲ್ವ ಮೆಚ್ಚುವ ಕನ್ನಡಿಗನ ನಾಲಗೆಗೆ ಆ ರುಚಿ ಅಪರಿಚಿತವೆನಿಸಲಾರದು.

ಇವೆಲ್ಲಕ್ಕೂ ಮೂಲವಾದ ರಹಸ್ಯ ಒಂದೇ. ಒಂದು ಕಣಕದಿಂದ ಈ ಭಕ್ಷ್ಯವಾಗುವುದಿಲ್ಲ, ಎರಡು ಬೇಕು. ಒಂದು, ಹಿಟ್ಟಿಗೆ ನೀರನ್ನೂ ಸ್ವಲ್ಪ ಜಿಡ್ಡನ್ನೂ ಹಾಕಿ ನಾದಿದ್ದು. ಮತ್ತೊಂದು, ತೊಟ್ಟು ನೀರನ್ನೂ ಸೋಂಕಿಸದೆ ಬರಿಯ ಜಿಡ್ಡಿನಲ್ಲಿ ಕಲಸಿದ್ದು. ಮೊದಲನೆಯದನ್ನು ನೀರಿನ ಕಣಕವೆಂದೂ ಎರಡನೆಯದನ್ನು ಜಿಡ್ಡಿನ ಕಣಕವೆಂದೂ ಇಲ್ಲಿ ಕರೆಯೋಣ. ಎರಡೂ ಒಂದೇ ಮೈದಾಹಿಟ್ಟಿನಿಂದ ಹುಟ್ಟಿದರೂ ಸ್ವಭಾವದಲ್ಲಿ ಪರಸ್ಪರ ವಿರುದ್ಧವಾದುವು. ಆ ವಿರೋಧವೇ ಪದರಗಳನ್ನು ಕೂಡಗೊಡದೆ ಕಾಯುತ್ತದೆ.

ಗೋಧಿಯ ಹಿಟ್ಟಿನಲ್ಲಿ ಗ್ಲಯಡಿನ್, ಗ್ಲುಟೆನಿನ್ ಎಂಬ ಎರಡು ಜಾತಿಯ ಪ್ರೋಟೀನುಗಳಿವೆ. ಒಣಹಿಟ್ಟಿನಲ್ಲಿ ನಿಶ್ಚೇಷ್ಟಿತವಾಗಿರುವ ಇವು ನೀರನ್ನು ಹೀರಿಕೊಂಡೊಡನೆ, ನಾದುವ ಕೈಯ ಒತ್ತಡದಲ್ಲಿ ಒಂದಕ್ಕೊಂದು ಹೆಣೆದುಕೊಂಡು, ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಒಂದು ತಂತುಜಾಲವಾಗುತ್ತವೆ. ಅದಕ್ಕೆ ಗ್ಲುಟೆನ್ ಎಂದು ಹೆಸರು. ಇಟಲಿಯ ಬೊಲೋನ್ಯಾ ನಗರದ ಬೆಕ್ಕಾರಿ ಎಂಬ ವಿದ್ವಾಂಸನು 1728ರಲ್ಲಿಯೇ ಇದನ್ನು ಬೇರ್ಪಡಿಸಿ ತೋರಿಸಿದನು. ಅವನ ಪ್ರಯೋಗವನ್ನು ಯಾರು ಬೇಕಾದರೂ ತಮ್ಮ ಅಡಿಗೆಮನೆಯಲ್ಲಿ ಮಾಡಿನೋಡಬಹುದು: ಚೆನ್ನಾಗಿ ನಾದಿದ ಮೈದಾದ ಉಂಡೆಯೊಂದನ್ನು ನೀರಿನ ಪಾತ್ರೆಯಲ್ಲಿ ಹಿಸುಕುತ್ತ ತೊಳೆದರೆ, ಪಿಷ್ಟವೆಲ್ಲ ಹಾಲಿನಂತೆ ಬಿಳಿದಾಗಿ ಹರಿದುಹೋಗಿ, ಕಡೆಗೆ ಕೈಯಲ್ಲಿ ಬೂದುಬಣ್ಣದ, ಜಗ್ಗಿದರೆ ಜಗ್ಗುವ ಚಿಕ್ಕ ಮುದ್ದೆಯೊಂದು ಉಳಿಯುತ್ತದೆ. ತೆಳ್ಳನೆಯ ಹಾಳೆಯಾಗಿ ಲಟ್ಟಿಸಿದರೂ ಹರಿಯದ ಗುಣವನ್ನು ನೀರಿನ ಕಣಕಕ್ಕೆ ಕೊಡುವುದು ಈ ಮುದ್ದೆಯೇ.

ಜಿಡ್ಡಿನ ಕಣಕದಲ್ಲಿ ಅಂಥ ಜಾಲ ಹುಟ್ಟುವಂತಿಲ್ಲ. ಅಲ್ಲಿ ಹಿಟ್ಟಿನ ಪ್ರತಿಯೊಂದು ಕಣಕ್ಕೂ ಜಿಡ್ಡಿನ ಲೇಪ ಬಿದ್ದಿರುವುದರಿಂದ ಪ್ರೋಟೀನಿಗೆ ನೀರೇ ದೊರೆಯದು. ಎಷ್ಟು ಹೊತ್ತು ಮಿದ್ದರೂ ಅದು ಬೆಣ್ಣೆಯಷ್ಟು ಮೃದುವಾಗಬಹುದೇ ಹೊರತು ಬಿಗಿಯಾಗದು, ಹಿಗ್ಗದು. ಹಾಗಾದರೆ ಆ ಹಿಟ್ಟು ಏತಕ್ಕೆ, ನೀರಿನ ಕಣಕದ ಹಾಳೆಗಳ ನಡುವೆ ಬರಿಯ ಜಿಡ್ಡನ್ನೇ ಸವರಿದರಾಗದೇ ಎಂಬ ಪ್ರಶ್ನೆ ಏಳುವುದು ಸಹಜ. ಫ್ರಾನ್ಸಿನ ಬಾಣಸಿಗರು ಹಾಗೆಯೇ ಮಾಡುವರು. ಬೆಣ್ಣೆಯ ಹಲಗೆಯನ್ನೇ ಹಿಟ್ಟಿನೊಳಗಿಟ್ಟು ಮಡಚುವರು. ಆದರೆ ಅದಕ್ಕೆ ತಣ್ಣನೆಯ ಕೋಣೆ ಬೇಕು, ಮಡಿಕೆಮಡಿಕೆಗೂ ಶೀತಪೆಟ್ಟಿಗೆಯಲ್ಲಿಟ್ಟು ಕಾಯುವ ತಾಳ್ಮೆ ಬೇಕು. ಹಂದಿಯ ಕೊಬ್ಬು ಚೀನೀ ಅಡಿಗೆಯಲ್ಲಿ ಪರಂಪರೆಯಿಂದ ಬಂದ ಜಿಡ್ಡು. ಅದು 30ರಿಂದ 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೇ ಕರಗುವ ವಸ್ತು. ಬರಿದೇ ಸವರಿದರೆ ಲಟ್ಟಣಿಗೆಯ ಒತ್ತಡಕ್ಕೆ ಅಂಚುಗಳಿಂದ ಹೊರಕ್ಕೆ ಹರಿದುಬಿಡುವುದು. ಅದರ ಎರಡರಷ್ಟು ತೂಕದ ಹಿಟ್ಟನ್ನು ಬೆರೆಸಿದಾಗ ಆ ಕೊಬ್ಬಿಗೆ ಒಂದು ಒಡಲು ಬರುತ್ತದೆ. ಕರಗಿದರೂ ಹರಿದುಹೋಗದೆ ಹಿಟ್ಟಿನ ಕಣಗಳ ಸಂದಿನಲ್ಲಿಯೇ ನಿಲ್ಲುತ್ತದೆ.

ನಮ್ಮ ಚಿರೋಟಿಯನ್ನು ಮಾಡಬಲ್ಲ ಗೃಹಿಣಿಗೆ ಈ ಯುಕ್ತಿ ಹೊಸದಲ್ಲ. ಲಟ್ಟಿಸಿದ ಹಾಳೆಗಳ ನಡುವೆ ನಮ್ಮವರು ಬರಿಯ ತುಪ್ಪ ಸವರದೆ, ತುಪ್ಪಕ್ಕೆ ಅಕ್ಕಿಹಿಟ್ಟನ್ನು ಹಾಕಿ ನೊರೆಯಾಗುವಂತೆ ತಿಕ್ಕಿದ ಲೇಪವನ್ನೇ ಸವರುತ್ತಾರಲ್ಲವೇ! ಅಕ್ಕಿಯಲ್ಲಿ ಗ್ಲುಟೆನ್ ಇಲ್ಲವೇ ಇಲ್ಲವಾದುದರಿಂದ ಅದು ಪದರಗಳನ್ನು ಅಂಟಗೊಡುವುದಿಲ್ಲ. ಒಂದೇ ಭೌತಿಕ ನಿಯಮವನ್ನು ಸುಝೌ ನಗರದ ಕೈಗಳೂ ನಮ್ಮ ನಾಡಿನ ಕೈಗಳೂ ಆಶ್ರಯಿಸಿರುವುದನ್ನು ಕಂಡಾಗ ಮನಸ್ಸಿಗೆ ಆಗುವ ಆನಂದ ಸಾಮಾನ್ಯವಾದುದಲ್ಲ.

ಇನ್ನು ಅಳತೆಗೆ ಬರೋಣ. ಹದಿನಾರು ಭಕ್ಷ್ಯಗಳಿಗೆ ನೀರಿನ ಕಣಕಕ್ಕಾಗಿ 150 ಗ್ರಾಂ ಮೈದಾ, 50 ಗ್ರಾಂ ಜಿಡ್ಡು, 20 ಗ್ರಾಂ ಸಕ್ಕರೆ, ಸುಮಾರು 68 ಗ್ರಾಂ ನೀರು. ಜಿಡ್ಡಿನ ಕಣಕಕ್ಕಾಗಿ 120 ಗ್ರಾಂ ಮೈದಾ, 60 ಗ್ರಾಂ ಜಿಡ್ಡು. ಹಂದಿಯ ಕೊಬ್ಬು ಒಲ್ಲದವರು ಗಟ್ಟಿಯಾದ ತುಪ್ಪವನ್ನೋ ವನಸ್ಪತಿಯನ್ನೋ ಬಳಸಬಹುದು, ಎರಡರಲ್ಲಿಯೂ ನೀರಿಲ್ಲ. ಬೆಣ್ಣೆಯಲ್ಲಿ ಆರನೆಯ ಒಂದು ಪಾಲಿನಷ್ಟು ನೀರಿರುವುದರಿಂದ ಜಿಡ್ಡಿನ ಕಣಕಕ್ಕೆ ಅದು ಉತ್ತಮವಲ್ಲ. ನೀರಿನ ಕಣಕವನ್ನು ನುಣುಪಾಗುವವರೆಗೆ ನಾದಿ, ಒದ್ದೆಬಟ್ಟೆ ಮುಚ್ಚಿ ಅರ್ಧಗಂಟೆ ಬಿಡತಕ್ಕದ್ದು. ಈ ವಿರಾಮದಲ್ಲಿ ಸೆಟೆದುಕೊಂಡಿದ್ದ ಗ್ಲುಟೆನ್ ತಂತುಗಳು ಸಡಿಲಗೊಂಡು, ಲಟ್ಟಿಸಿದಾಗ ಹಿಂದಕ್ಕೆ ಜಗ್ಗುವುದನ್ನು ಬಿಡುತ್ತವೆ. ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಬೆರಳಿನದು. ಎರಡು ಕಣಕಗಳನ್ನೂ ಪಕ್ಕಪಕ್ಕದಲ್ಲಿಟ್ಟು ಒತ್ತಿದಾಗ ಎರಡೂ ಸಮನಾಗಿ ತಗ್ಗಬೇಕು. ಜಿಡ್ಡಿನದು ಗಟ್ಟಿಯಾಗಿದ್ದರೆ ಒಳಗೆ ತುಂಡುತುಂಡಾಗಿ ಒಡೆದು ಹೊರಗಿನ ಹಾಳೆಯನ್ನೂ ಹರಿಯುತ್ತದೆ; ತೀರ ಮೆದುವಾಗಿದ್ದರೆ ಒಂದೆಡೆಗೆ ಸರಿದು ಗುಪ್ಪೆಯಾಗುತ್ತದೆ. ಮಂಗಳೂರಿನಂಥ ಕರಾವಳಿಯ ಸೆಕೆಯಲ್ಲಿ ಮಾಡುವವರು ಜಿಡ್ಡಿನ ಕಣಕವನ್ನು ಸ್ವಲ್ಪ ಹೊತ್ತು ತಣ್ಣಗಿಟ್ಟು ಈ ಸಾಮ್ಯವನ್ನು ಸಾಧಿಸಬೇಕಾಗುವುದು.

ಸುಮಾರು 18 ಗ್ರಾಂ ತೂಕದ ನೀರಿನ ಕಣಕದ ಉಂಡೆಯನ್ನು ಅಂಗೈಯಲ್ಲಿ ತಟ್ಟಿ, ಹೋಳಿಗೆಗೆ ಹೂರಣವಿಡುವ ರೀತಿಯಲ್ಲಿಯೇ 11 ಗ್ರಾಂ ಜಿಡ್ಡಿನ ಕಣಕವನ್ನು ಒಳಗಿಟ್ಟು ಬಾಯಿ ಮುಚ್ಚುವರು. ಬಳಿಕ ಅದನ್ನು ನೀಳವಾಗಿ ಲಟ್ಟಿಸಿ, ಒಂದು ತುದಿಯಿಂದ ಸುರುಳಿ ಸುತ್ತಿ, ಕಾಲುಗಂಟೆ ಬಿಟ್ಟು, ಸುರುಳಿಯನ್ನು ಅಡ್ಡಲಾಗಿ ತಿರುಗಿಸಿ ಮತ್ತೆ ಉದ್ದಕ್ಕೆ ಲಟ್ಟಿಸಿ ಮತ್ತೊಮ್ಮೆ ಸುತ್ತುವರು. ಎರಡನೆಯ ವಿರಾಮದ ತರುವಾಯ ಆ ಸುರುಳಿಯ ಎರಡು ತುದಿಗಳನ್ನೂ ನಡುವಿಗೆ ಮಡಚಿ, ಒತ್ತಿ, ಹತ್ತು ಸೆಂಟಿಮೀಟರ್ ಅಗಲದ ಬಿಲ್ಲೆಯಾಗಿ ಲಟ್ಟಿಸಿ ಹೂರಣ ತುಂಬುವರು.

ಎರಡು ಬಾರಿ ಮಾತ್ರವೇ ಏಕೆ ಸುತ್ತಬೇಕು? ಪದರಗಳು ಹೆಚ್ಚಿದಷ್ಟೂ ಲೇಸೆಂದಾದರೆ ಮೂರನೆಯ ಬಾರಿ, ನಾಲ್ಕನೆಯ ಬಾರಿ ಸುತ್ತಬಾರದೇಕೆ? ಈ ಪ್ರಶ್ನೆಗೆ ಉತ್ತರವನ್ನು ಒಂದು ಸಣ್ಣ ಲೆಕ್ಕದಿಂದ ಪಡೆಯಬಹುದು; ಈ ಭಕ್ಷ್ಯದ ವಿಜ್ಞಾನದಲ್ಲಿ ನನಗೆ ಅತ್ಯಂತ ಸುಂದರವಾಗಿ ತೋರುವ ಭಾಗವೂ ಇದೇ. ಒಂದು ಸುರುಳಿಯನ್ನು ಮೂರು ಸುತ್ತು ಸುತ್ತಿ ಅದುಮಿದರೆ ಮೇಲಿನಿಂದ ಕೆಳಕ್ಕೆ ಹೆಚ್ಚುಕಡಿಮೆ ಆರು ಜಿಡ್ಡಿನ ಪದರಗಳು ಸಿಕ್ಕುವುವು. ಅದನ್ನೇ ಮತ್ತೊಮ್ಮೆ ಸುತ್ತಿದರೆ ಆರಾರಲಿ ಮೂವತ್ತಾರು. ಬಿಲ್ಲೆಯ ದಪ್ಪವಾದರೋ ಸುಮಾರು 3 ಮಿಲಿಮೀಟರ್; ಎಂದರೆ ನೀರಿನದೊಂದು, ಜಿಡ್ಡಿನದೊಂದು, ಹೀಗೆ ಒಂದು ಜೋಡಿ ಪದರಕ್ಕೆ ದೊರೆಯುವ ಸ್ಥಳ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿಗೂ ಕಡಮೆ, ನಾವು ಬರೆಯುವ ಕಾಗದದ ದಪ್ಪಕ್ಕಿಂತಲೂ ಕಿರಿದು. ಅದರಲ್ಲಿ ಜಿಡ್ಡಿನ ಪಾಲು 0.03 ಮಿಲಿಮೀಟರಿನ ಆಸುಪಾಸು. ಗೋಧಿಯ ಪಿಷ್ಟದ ದೊಡ್ಡ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಅಳೆದರೆ ಅವುಗಳ ಅಡ್ಡಳತೆ 0.02ರಿಂದ 0.03 ಮಿಲಿಮೀಟರಿನಷ್ಟಿರುತ್ತದೆ. ಎಂದರೆ ಎರಡನೆಯ ಸುರುಳಿಯ ಹೊತ್ತಿಗೆ ಜಿಡ್ಡಿನ ಪದರವು ಒಂದು ಪಿಷ್ಟಕಣದಷ್ಟೇ ದಪ್ಪಕ್ಕೆ ಇಳಿದುಬಿಟ್ಟಿದೆ! ಮೂರನೆಯ ಬಾರಿ ಅದೇ ರೀತಿ ಸುತ್ತಿದರೆ ಪದರಗಳ ಸಂಖ್ಯೆ 216ಕ್ಕೆ ಏರಿ, ಜೋಡಿಯೊಂದರ ದಪ್ಪ 0.014 ಮಿಲಿಮೀಟರಿಗೆ, ಅಂದರೆ ದೊಡ್ಡ ಕಣಕ್ಕಿಂತಲೂ ತೆಳ್ಳಗೆ, ಇಳಿಯಬೇಕಾಗುವುದು. ಅದು ಅಸಾಧ್ಯ. ಕಣಗಳು ಹಾಳೆಯನ್ನು ತೂತುಮಾಡಿ, ನೀರಿನ ಪದರವು ಪಕ್ಕದ ನೀರಿನ ಪದರವನ್ನು ಮುಟ್ಟಿ ಬೆಸೆದುಕೊಂಡು, ಪದರಭಕ್ಷ್ಯವು ಪದರವಿಲ್ಲದ ಪುಡಿಬಿಸ್ಕತ್ತಾಗಿ ಪರಿಣಮಿಸುತ್ತದೆ. ಸೂಕ್ಷ್ಮದರ್ಶಕವನ್ನು ಕಾಣದ ಬಾಣಸಿಗರು ಕೇವಲ ನಾಲಗೆಯ ಮತ್ತು ಕಣ್ಣಿನ ಸಾಕ್ಷ್ಯದಿಂದ ಎರಡಕ್ಕೇ ನಿಂತಿರುವುದು ಪ್ರಶಂಸೆಗೆ ಅರ್ಹವಾದ ವಿವೇಕ.

ಹೂರಣದ ವಿಷಯದಲ್ಲಿಯೂ ಕಣವೇ ಪ್ರಧಾನ. ಸಿಪ್ಪೆ ತೆಗೆದ 200 ಗ್ರಾಂ ಹೆಸರುಬೇಳೆಯನ್ನು ನಾಲ್ಕೈದು ಗಂಟೆ ನೆನೆಸಿ, ನೀರಿನಲ್ಲಿ ಕುದಿಸದೆ ಹಬೆಯಲ್ಲಿ ಬೇಯಿಸಬೇಕು. ಬೇಳೆಯ ಪಿಷ್ಟವು ಅದರ ಜೀವಕೋಶಗಳ ಗೋಡೆಯೊಳಗೆ ಬಂದಿಯಾಗಿರುತ್ತದೆ. ಬೆಂದಾಗ ಕೋಶಕೋಶಗಳನ್ನು ಅಂಟಿಸಿದ್ದ ಪೆಕ್ಟಿನ್ ಸಡಿಲವಾಗಿ, ಗೋಡೆಗಳು ಒಡೆಯದೆಯೇ ಕೋಶಗಳು ಬಿಡಿಬಿಡಿಯಾಗುತ್ತವೆ. ಹೂರಣವು ನಾಲಗೆಯ ಮೇಲೆ ನವುರಾದ ಮರಳಿನಂತೆ ಕರಗುವುದಕ್ಕೆ ಇದೇ ಕಾರಣ. ಬಿಸಿಯಿರುವಾಗಲೇ ಸೌಟಿನ ಹಿಂಬದಿಯಿಂದ ಮಸೆದು ಜರಡಿಯಲ್ಲಿ ಒತ್ತಿದರೆ ಸಾಕು. ಮಿಕ್ಸಿಯಲ್ಲಿ ಬಹಳ ಹೊತ್ತು ತಿರುಗಿಸಿದರೆ ಗೋಡೆಗಳು ಸೀಳಿ, ಪಿಷ್ಟ ಹೊರಬಿದ್ದು, ಹೂರಣ ಅಂಟಾಗುವುದು. ಬಳಿಕ 100 ಗ್ರಾಂ ಸಕ್ಕರೆ, 50 ಗ್ರಾಂ ಎಣ್ಣೆ ಅಥವಾ ತುಪ್ಪ ಸೇರಿಸಿ, ಬಾಣಲೆಯ ತಳ ಬಿಡುವವರೆಗೆ ಮಗುಚಬೇಕು. ಸಕ್ಕರೆ ಇಲ್ಲಿ ರುಚಿಗೆ ಮಾತ್ರವಲ್ಲ. ನೀರಿನ ಅಣುಗಳನ್ನು ತನ್ನ ಬಳಿ ಹಿಡಿದಿಟ್ಟುಕೊಂಡು, ಅವು ಹೊರಗಿನ ಗರಿಯಾದ ಪದರಕ್ಕೆ ಬೇಗ ಸೋರದಂತೆಯೂ ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ದೊರೆಯದಂತೆಯೂ ಮಾಡುತ್ತದೆ. ಆದುದರಿಂದ ಆರೋಗ್ಯದ ಹೆಸರಿನಲ್ಲಿ ಸಕ್ಕರೆಯನ್ನು ತೀರ ತಗ್ಗಿಸುವವರು, ಭಕ್ಷ್ಯವನ್ನು ಅಂದೇ ತಿಂದು ಮುಗಿಸುವುದು ಒಳ್ಳೆಯದು.

ತಣಿದ ಹೂರಣದ ಸುಮಾರು 30 ಗ್ರಾಂ ಉಂಡೆಯನ್ನು ಬಿಲ್ಲೆಯ ನಡುವೆಯಿಟ್ಟು ಅಂಚುಗಳನ್ನು ಮೇಲೆತ್ತಿ ಕೂಡಿಸುವಾಗ, ಅಂಚಿಗೆ ಹೂರಣದ ಎಣ್ಣೆ ತಾಕದಂತೆ ಎಚ್ಚರ ವಹಿಸತಕ್ಕದ್ದು. ನೀರಿನ ಕಣಕ ನೀರಿನ ಕಣಕಕ್ಕೆ ಮಾತ್ರ ಅಂಟುವುದು. ಕೂಡಿಸಿದ ಭಾಗ ಕೆಳಗಾಗುವಂತೆ ತಟ್ಟೆಯ ಮೇಲಿಟ್ಟು, ಹಳದಿ ಲೋಳೆಯನ್ನು ಸವರಿ, 180 ಡಿಗ್ರಿ ಶಾಖಕ್ಕೆ ಮೊದಲೇ ಕಾಯಿಸಿದ ಓವನ್ನಿನಲ್ಲಿ 25ರಿಂದ 30 ನಿಮಿಷ ಬೇಯಿಸುವರು. ಮೊಟ್ಟೆ ಬೇಡವೆನ್ನುವವರು ಸವರದೆ ಬಿಳಿಯಾಗಿಯೇ ಬಿಡಬಹುದು; ಅನೇಕ ಕಡೆ ಬಿಳಿಯ ಮೈಮೇಲೆ ಕೆಂಪುಬಣ್ಣದ ಮುದ್ರೆಯೊತ್ತುವುದೇ ಸಂಪ್ರದಾಯ. ಹಳದಿ ಸವರಿದಲ್ಲಿ ಮೂಡುವ ಹೊಂಗಂದು ಬಣ್ಣಕ್ಕೆ ಮೂಲ ಪ್ರೋಟೀನು ಸಕ್ಕರೆಗಳ ನಡುವಿನ ರಾಸಾಯನಿಕ ಕ್ರಿಯೆ. ಫ್ರಾನ್ಸಿನ ಮೆಯಾರ್ ಅದನ್ನು 1912ರಲ್ಲಿ ವರ್ಣಿಸಿದುದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ.

ಆ ಅರ್ಧಗಂಟೆಯಲ್ಲಿ ಒಳಗೆ ನಡೆಯುವುದನ್ನು ಕಲ್ಪಿಸಿಕೊಳ್ಳಬೇಕು. ಮೊದಲು ಜಿಡ್ಡು ಕರಗುತ್ತದೆ, ಆದರೆ ತನ್ನ ಹಿಟ್ಟಿನ ಸಂದುಗಳನ್ನು ಬಿಟ್ಟು ಹರಿಯುವುದಿಲ್ಲ. ಅನಂತರ ನೀರಿನ ಪದರದಲ್ಲಿ ಪಿಷ್ಟ ಉಬ್ಬಿ, ಗ್ಲುಟೆನ್ ಗಟ್ಟಿಗೊಳ್ಳುತ್ತದೆ. ಜಿಡ್ಡಿನ ಪದರದ ಪಿಷ್ಟಕ್ಕಾದರೋ ನೀರಿಲ್ಲದುದರಿಂದ ಅದು ಬಹುಮಟ್ಟಿಗೆ ಉಬ್ಬದೆ ಕಣಕಣವಾಗಿಯೇ ಉಳಿದು ಹಾಳೆಗಳನ್ನು ಬೇರೆಯಾಗಿ ಇಡುತ್ತದೆ. ಒಂದೊಂದು ಭಕ್ಷ್ಯದ ಕಣಕದಲ್ಲಿರುವ ನೀರು ನಾಲ್ಕು ಗ್ರಾಂ ಮಾತ್ರ. ಆದರೆ ಒಂದು ಗ್ರಾಂ ನೀರು ಆವಿಯಾದಾಗ ಒಂದೂವರೆ ಲೀಟರಿಗೂ ಮಿಕ್ಕ ಸ್ಥಳವನ್ನು ಬೇಡುತ್ತದೆ. ಆ ಆವಿ ಹಾಳೆಗಳನ್ನು ಎತ್ತಿ, ತನಗೆ ದಾರಿಮಾಡಿಕೊಂಡು ಹೊರಟುಹೋಗುತ್ತದೆ. ಹೊರಗಿನ ಹಾಳೆಯಲ್ಲಿ ಸಣ್ಣದೊಂದು ಬಿರುಕಿದ್ದರೂ ಅದೆಲ್ಲ ಅಲ್ಲಿಂದಲೇ ನುಗ್ಗಿ ಹೂರಣವನ್ನೂ ಜೊತೆಗೆ ಹೊರಡಿಸುವುದು. ಒಲೆಯಲ್ಲಿ ಬಾಯ್ದೆರೆದ ಭಕ್ಷ್ಯಗಳಿಗೆ ಸಾಮಾನ್ಯವಾಗಿ ಕಾರಣ ಲಟ್ಟಿಸುವಾಗಿನ ಆತುರವೇ.

ಚಿರೋಟಿಯೂ ಹೋಳಿಗೆಯೂ ಕೈಗೆ ಬಂದಿರುವ ಮನೆಗಳಲ್ಲಿ ಈ ವಿದ್ಯೆಯ ಮುಕ್ಕಾಲುಪಾಲು ಆಗಲೇ ಇದೆ. ಹೊಸದಾಗಿ ಕಲಿಯಬೇಕಾದುದು ಎರಡು ಕಣಕಗಳನ್ನು ಒಂದೇ ಮೃದುತ್ವಕ್ಕೆ ತರುವ ಹದವೊಂದೇ. ಓದುಗರು ತಂಪಾದ ಒಂದು ಬೆಳಗನ್ನು ಆರಿಸಿಕೊಂಡು, ಮೊದಲಿಗೆ ಅರ್ಧ ಅಳತೆಯಲ್ಲಿ ಎಂಟೇ ಭಕ್ಷ್ಯಗಳನ್ನು ಮಾಡಿ ನೋಡಲಿ. ಉಳಿದುವು ಮರುದಿನ ಮೆತ್ತಗಾಗಿದ್ದರೆ 150 ಡಿಗ್ರಿ ಶಾಖದಲ್ಲಿ ಏಳೆಂಟು ನಿಮಿಷ ಇಡಲಿ; ಹೂರಣದಿಂದ ಪದರಕ್ಕೆ ಬಂದಿದ್ದ ನೀರು ಹೊರಟುಹೋಗಿ ಅವು ಪುನಃ ಗರಿಗರಿಯಾಗುತ್ತವೆ.