ಒಂದು ಗೂಟದ ಸುತ್ತ ಹಂಚಿದ ಹೊಲ

ಇಂಡೊನೇಷ್ಯ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬಾಲಿ ದ್ವೀಪ, ಇಲ್ಲವೆ ಜಕಾರ್ತ ಮಹಾನಗರ. ಮುಸ್ಲಿಂ ಬಾಹುಳ್ಯದ ಆ ದೇಶದ ಪೂರ್ವಭಾಗದಲ್ಲಿ ಫ್ಲೋರೆಸ್ ಎಂಬ ದ್ವೀಪವಿದೆ ಎಂಬುದೂ, ಅಲ್ಲಿಯ ಬಹುಸಂಖ್ಯಾತರು ಕಥೋಲಿಕರೇ ಎಂಬುದೂ ಅಷ್ಟಾಗಿ ತಿಳಿದ ಸಂಗತಿಯಲ್ಲ. ಹೂವುಗಳು ಎಂಬ ಅರ್ಥದ ಆ ಹೆಸರನ್ನಿತ್ತವರು ಪೋರ್ಚುಗೀಸ್ ನಾವಿಕರು. ಅವರ ಹಿಂದೆಯೇ ಬಂದ ದೊಮಿನಿಕನ್ ಗುರುಗಳು 1566ರಲ್ಲಿ ನೆರೆಯ ಸೊಲೊರ್ ದ್ವೀಪದಲ್ಲಿ ಕೋಟೆಯೊಂದನ್ನು ಕಟ್ಟಿದರು. ಆ ಪ್ರದೇಶ ಸೇರಿದ್ದ ಮಲಾಕ ಧರ್ಮಪ್ರಾಂತ್ಯವು 1558ರಲ್ಲಿ ಸ್ಥಾಪನೆಯಾದಂದಿನಿಂದ ಗೋವೆಯ ಮಹಾಧರ್ಮಾಧ್ಯಕ್ಷರ ವ್ಯಾಪ್ತಿಯಲ್ಲಿತ್ತು. ನಮ್ಮ ಕರಾವಳಿಯ ಕ್ರೈಸ್ತರ ಹಿರಿಯರೂ ಅದೇ ಗೋವೆಯತ್ತ ಮುಖ ಮಾಡಿದ್ದವರು. ದೂರದ ನೆಂಟಸ್ತಿಕೆ ಎನ್ನಬಹುದಾದ ಈ ಸಂಬಂಧವನ್ನು ನೆನೆದು, ಈ ವಾರ ನಾವು ಓದುಗರನ್ನು ಫ್ಲೋರೆಸಿನ ಪಶ್ಚಿಮ ಭಾಗದ ಮಂಗರಾಯಿ ನಾಡಿನ ಹಳ್ಳಿಗಾಡಿಗೆ ಕರೆದೊಯ್ಯುತ್ತಿದ್ದೇವೆ. ಅಲ್ಲಿಯ ಧರ್ಮಸಭೆಯ ಕತೆಗಿಂತ ಮೊದಲು ಅಲ್ಲಿಯ ಹೊಲದ ಕತೆಯನ್ನೇ ಹೇಳಬೇಕು. ಏಕೆಂದರೆ ಇಂದು ಅಲ್ಲಿಯ ಗುರುಗಳಿಗೂ ಜನರಿಗೂ ಚಿಂತೆ ತಂದಿರುವುದು ಹೊಲವೇ.

ಮಂಗರಾಯಿಯ ಮುಖ್ಯ ಪಟ್ಟಣ ರುತೆಂಗ್. ಅಲ್ಲಿಂದ ಪಶ್ಚಿಮಕ್ಕೆ ಅನತಿ ದೂರದಲ್ಲಿ ಚಾಂಚಾರ್ ಎಂಬ ಊರಿದೆ. ಅದರ ಬದಿಯ ಸಣ್ಣ ಗುಡ್ಡವನ್ನೇರಿ ಕೆಳಗೆ ನೋಡಿದರೆ, ಭತ್ತದ ಬಯಲಿನಲ್ಲಿ ಯಾರೋ ದೈತ್ಯಗಾತ್ರದ ಜೇಡರ ಬಲೆಗಳನ್ನು ಹಾಸಿದಂತೆ ತೋರುತ್ತದೆ. ಬದುಗಳು ನಮ್ಮ ಗದ್ದೆಗಳಂತೆ ಚೌಕವಾಗಿಲ್ಲ. ನಡುವಿನ ಒಂದು ಬಿಂದುವಿನಿಂದ ಹೊರಟು ಗಾಡಿಯ ಚಕ್ರದ ಅರಗಳಂತೆ ಅಂಚಿನವರೆಗೆ ಹರಿದಿವೆ. ಒಬ್ಬೊಬ್ಬರ ಹೊಲವೂ ಒಂದೊಂದು ತ್ರಿಕೋನ. ಅದರ ಚೂಪಾದ ತುದಿ ನಡುವಿನಲ್ಲಿ, ಅಗಲವಾದ ಬಾಯಿ ಹೊರಗಿನ ಗಡಿಯಲ್ಲಿ. ಇಂತಹ ಒಂದು ಇಡೀ ಹೊಲಕ್ಕೆ ಲಿಂಗ್ಕೊ ಎಂದು ಹೆಸರು. ನಡುವಿನ ಬಿಂದುವನ್ನು ಲೊಡೊಕ್ ಎನ್ನುತ್ತಾರೆ.

ಇದು ಅಂದಕ್ಕಾಗಿ ಮಾಡಿದ ಚಿತ್ತಾರವಲ್ಲ, ಪಾಲು ಹಂಚುವ ಕ್ರಮ. ಹೊಲವು ಮೂಲತಃ ಯಾರೊಬ್ಬರದೂ ಅಲ್ಲ, ಊರಿನದು. ಪ್ರತಿ ಹಳ್ಳಿಯಲ್ಲಿಯೂ ಊರ ಹಿರಿಯನಲ್ಲದೆ, ಭೂಮಿಯ ಹಂಚಿಕೆಗೆಂದೇ ತುವಾ ತೆನೊ ಎಂಬ ಇನ್ನೊಬ್ಬ ಹಿರಿಯನಿರುತ್ತಾನೆ. ಹೊಸ ಹೊಲ ತೆರೆಯುವಾಗ ಪ್ರಾಣಿಬಲಿ ನೀಡಿ, ಪೂರ್ವಜರಿಗೆ ಅರಿಕೆ ಮಾಡಿ, ಅವನು ನಡುವಿನಲ್ಲಿ ತೆನೊ ಮರದ ಗೂಟವೊಂದನ್ನು ನೆಡುತ್ತಾನೆ. ಗೂಟದ ಸುತ್ತ ಒಂದು ಸಣ್ಣ ವೃತ್ತ. ಆ ವೃತ್ತದ ಮೇಲೆ ಕೈಬೆರಳಿಟ್ಟು ಪ್ರತಿಯೊಂದು ಕುಟುಂಬದ ಪಾಲನ್ನು ಅಳೆಯುತ್ತಾರೆ. ಈ ಬೆರಳಿನ ಅಳತೆಗೆ ಮೊಸೊ ಎಂದು ಹೆಸರು. ಮನೆಯ ಮಂದಿಯ ಸಂಖ್ಯೆ ಹಾಗೂ ಊರಿನಲ್ಲಿ ಆ ಮನೆತನಕ್ಕಿರುವ ಸ್ಥಾನಮಾನ ನೋಡಿ ಬೆರಳುಗಳ ಎಣಿಕೆ. ಅಳೆದ ಗುರುತಿನಿಂದ ಗೆರೆಯನ್ನು ನೇರವಾಗಿ ಅಂಚಿನವರೆಗೆ ಎಳೆದರೆ ಪಾಲು ಮುಗಿಯಿತು.

ಸರಪಳಿ ಹಿಡಿದು ಬರುವ ಮೋಜಣಿದಾರರನ್ನು ಕಂಡ ನಮಗೆ, ಬೆರಳಿನಿಂದ ಹೊಲ ಅಳೆಯುವುದು ಮಕ್ಕಳಾಟದಂತೆ ಕಾಣಬಹುದು. ಸ್ವಲ್ಪ ಯೋಚಿಸಿದರೆ ಅದರ ಜಾಣ್ಮೆ ತಿಳಿಯುತ್ತದೆ. ಗೂಟದ ಬಳಿ ಒಂದು ಬೆರಳಿನಷ್ಟು ಅಂತರವು ಅಂಚಿಗೆ ಬರುವಷ್ಟರಲ್ಲಿ ಹಲವು ಮಾರು ಅಗಲವಾಗುತ್ತದೆ. ಎಲ್ಲರ ಪಾಲೂ ನಡುವಿನಿಂದ ಗಡಿಯವರೆಗೆ ಹಾಯ್ದುಹೋಗುವುದರಿಂದ, ನಡುವಿನ ಮಣ್ಣೆಲ್ಲ ಒಬ್ಬನಿಗೆ, ಕಾಡಂಚಿನ ಮಣ್ಣೆಲ್ಲ ಇನ್ನೊಬ್ಬನಿಗೆ ಎಂಬಂತಾಗುವುದಿಲ್ಲ. ಹಾಗೆಂದು ಇದು ಸಂಪೂರ್ಣ ಸಮಾನತೆಯ ರಾಜ್ಯವೆಂದು ಹೊಗಳಲು ನಾವು ಸಿದ್ಧರಿಲ್ಲ. ಹಿರಿಯ ಮನೆತನಗಳ ಪಾಲು ದೊಡ್ಡದಾಗಿರುತ್ತಿತ್ತು. ಆದರೂ ಹೊಲವೇ ಇಲ್ಲದವನೊಬ್ಬ ಊರಿನಲ್ಲಿ ಉಳಿಯದಂತೆ ಈ ಕ್ರಮ ನೋಡಿಕೊಂಡಿತು. ಹೊರಗಿನಿಂದ ಬಂದವನೂ ಒಂದು ಹುಂಜವನ್ನೂ ತಾಳೆಯ ಕಳ್ಳನ್ನೂ ಹಿಡಿದು ಹಿರಿಯರ ಮುಂದೆ ಬಂದು ವಿನಂತಿಸಿಕೊಂಡರೆ ಅವನಿಗೂ ಒಂದು ಪಾಲು ದೊರೆಯುವ ಪದ್ಧತಿಯಿದೆ. ಪತ್ರವಿಲ್ಲ, ಮುದ್ರೆಯಿಲ್ಲ, ಕೂತು ಕಂಡವರೇ ಸಾಕ್ಷಿ.

ಹೊಲದ ಗೂಟಕ್ಕೂ ಊರಿನ ಮನೆಗೂ ಇರುವ ನಂಟನ್ನು ಮಂಗರಾಯಿ ಜನ ಒಂದೇ ನಾಣ್ನುಡಿಯಲ್ಲಿ ಹೇಳುತ್ತಾರೆ: ಒಳಗೆ ನಗಾರಿ, ಹೊರಗೆ ಹೊಲ. ಊರಿನ ಮುಖ್ಯ ಮನೆಯಲ್ಲಿ ನಗಾರಿಗಳನ್ನು ತೂಗುಹಾಕಿರುತ್ತಾರೆ. ನಗಾರಿಯ ಮನೆಯಿಲ್ಲದ ಊರಿಗೆ ಹೊಲದ ಮೇಲೆ ಹಕ್ಕಿಲ್ಲ. ಆ ಮನೆಯ ಮಾಡಿನ ಜಂತಿಗಳು ನಡುಗಂಬದಿಂದ ಸುತ್ತಲೂ ಇಳಿದಿರುವುದನ್ನು ಕಂಡವನಿಗೆ, ಹೊಲದ ನಕ್ಷೆಯೇ ತಲೆಯ ಮೇಲಿದೆಯೇನೋ ಎನ್ನಿಸಬೇಕು.

ಇಂತಹ ಮನೆಗಳು ಹಳೆಯ ರೂಪದಲ್ಲಿ ಉಳಿದಿರುವುದು ವಿರಳ. ಡಚ್ಚರ ಆಳ್ವಿಕೆಯಲ್ಲಿ ಅಧಿಕಾರಿಗಳು ಆರೋಗ್ಯದ ಕಾರಣ ಹೇಳಿ ದೊಡ್ಡ ದುಂಡುಮನೆಗಳನ್ನು ಬಿಡಿಸಿ, ಸಣ್ಣ ಚೌಕಮನೆಗಳಿಗೆ ಜನರನ್ನು ಒಯ್ದರು. ರಸ್ತೆ ತಲುಪದ ಕಾರಣಕ್ಕೋ ಏನೋ, ವಾಯೆ ರೆಬೊ ಎಂಬ ಹಳ್ಳಿ ತನ್ನ ಮನೆಗಳನ್ನು ಉಳಿಸಿಕೊಂಡಿತು. ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದಲ್ಲಿ, ಸುತ್ತಲೂ ಕಾಡು ತುಂಬಿದ ಬೆಟ್ಟಗಳ ನಡುವಿನ ಬಟ್ಟಲಿನಲ್ಲಿ ಆ ಹಳ್ಳಿಯಿದೆ. ಅಂಗಳದ ನಡುವೆ ಚೊಂಪಾಂಗ್ ಎಂಬ ದುಂಡನೆಯ ಕಲ್ಲಿನ ಜಗಲಿ; ಅದರ ಸುತ್ತ ನೆಲದವರೆಗೂ ಇಳಿಬಿಟ್ಟ ಹುಲ್ಲು ಮತ್ತು ತಾಳೆನಾರಿನ ಮಾಡುಳ್ಳ ಏಳು ಮನೆಗಳು. ಮೊಳೆ ಬಳಸದೆ ಬೆತ್ತದಿಂದ ಬಿಗಿದು ಕಟ್ಟಿದವು. ಒಂದೊಂದು ಮನೆಯಲ್ಲಿ ಹಲವು ಕುಟುಂಬಗಳು ಒಟ್ಟಿಗೆ ವಾಸ. ಒಳಗೆ ಐದು ಅಂತಸ್ತು: ಕೆಳಗಿನದು ವಾಸಕ್ಕೆ, ಎರಡನೆಯದು ದಿನಬಳಕೆಯ ದಿನಸಿಗೆ, ಮೂರನೆಯದು ಮುಂದಿನ ಬಿತ್ತನೆಯ ಬೀಜಕ್ಕೆ, ನಾಲ್ಕನೆಯದು ಬರಗಾಲಕ್ಕೆಂದು ಎತ್ತಿಟ್ಟ ಧಾನ್ಯಕ್ಕೆ, ತುದಿಯದು ಪೂರ್ವಜರಿಗೆ ಅರ್ಪಿಸುವ ಎಡೆಗೆ. ಬರಗಾಲಕ್ಕೆಂದೇ ಒಂದು ಅಂತಸ್ತನ್ನು ಮೀಸಲಿಡುವ ಜನ ಎಂತಹ ದಿನಗಳನ್ನು ಕಂಡಿರಬೇಕು! ಈ ಶತಮಾನದ ಆರಂಭದ ವೇಳೆಗೆ ಏಳರಲ್ಲಿ ನಾಲ್ಕು ಮನೆಗಳಷ್ಟೇ ಉಳಿದಿದ್ದವು. ಇಂಡೊನೇಷ್ಯದ ವಾಸ್ತುಶಿಲ್ಪಿಗಳು ಹಾಗೂ ದಾನಿಗಳ ನೆರವಿನಿಂದ ಊರವರೇ ಕೈಹಚ್ಚಿ ಉಳಿದವನ್ನು ಕಟ್ಟಿದರು. 2012ರಲ್ಲಿ ಈ ಕೆಲಸಕ್ಕೆ ಯುನೆಸ್ಕೊದ ಏಷ್ಯ-ಪೆಸಿಫಿಕ್ ಪರಂಪರೆ ಪ್ರಶಸ್ತಿಗಳಲ್ಲಿ ಅತ್ಯುನ್ನತವಾದುದು ದೊರೆಯಿತು.

ಅಲ್ಲಿಗೆ ಹೋಗುವುದೆಂದರೆ ಇಂದಿಗೂ ಸಾಹಸವೇ. ಪಶ್ಚಿಮ ತುದಿಯ ಲಾಬುವಾನ್ ಬಾಜೊ ಬಂದರಿನಿಂದ ಪೂರ್ವ ತುದಿಯ ಲರಾಂತುಕದವರೆಗೆ ಡಚ್ಚರ ಕಾಲದಲ್ಲಿ ಕಡಿದ ಒಂದೇ ಹೆದ್ದಾರಿ. ಉದ್ದ ಸುಮಾರು 700 ಕಿಲೋಮೀಟರ್. ಜ್ವಾಲಾಮುಖಿಗಳ ಬೆನ್ನೇರಿ ಇಳಿಯುವ ಆ ದಾರಿಯಲ್ಲಿ ತಿರುವುಗಳಿಗೆ ಲೆಕ್ಕವಿಲ್ಲ. ಲಾಬುವಾನ್ ಬಾಜೊದಿಂದ ರುತೆಂಗಿಗೆ ಕೇವಲ 130 ಕಿಲೋಮೀಟರಿನಷ್ಟು ದೂರವಾದರೂ ನಾಲ್ಕು ಗಂಟೆ ಬೇಕು. ಹೆದ್ದಾರಿ ಬಿಟ್ಟು ಹಳ್ಳಿಗಳತ್ತ ತಿರುಗಿದರೆ ಬಸ್ಸಿನ ಬದಲಿಗೆ ಲಾರಿ. ಲಾರಿಯ ಹಿಂಭಾಗದಲ್ಲಿ ಮರದ ಬೆಂಚುಗಳನ್ನು ಬಿಗಿದು, ಮೇಲೆ ಮಾಡು ಹೊದಿಸಿ, ಬದಿಗಳನ್ನು ತೆರೆದಿಟ್ಟ ವಾಹನ ಅದು. ಜನರೊಡನೆ ಕಾಫಿಯ ಮೂಟೆ, ಅಕ್ಕಿ, ಹಂದಿಮರಿ, ಕೋಳಿ ಎಲ್ಲವೂ ಅದರಲ್ಲಿಯೇ. ವಾಯೆ ರೆಬೊಗೆ ಹೊರಟವನು ದೆಂಗೆ ಎಂಬ ಕೆಳಗಿನ ಊರನ್ನು ಸೇರಿ, ರಸ್ತೆ ಮುಗಿದಲ್ಲಿಂದ ಕಾಡಿನ ಏರುದಾರಿಯಲ್ಲಿ ಎರಡು ಮೂರು ಗಂಟೆ ನಡೆಯಬೇಕು. ಊರವರು ಬೆಳೆದ ಕಾಫಿಯೂ ಇದೇ ದಾರಿಯಲ್ಲಿ ಹೊತ್ತು ಇಳಿಯಬೇಕು. ಅಕ್ಕಿ, ಉಪ್ಪು ಹೊತ್ತು ಏರಬೇಕು. ಶಾಲೆಗೆ ಹೋಗುವ ಮಕ್ಕಳು ಕೆಳಗಿನ ಕೊಂಬೊ ಎಂಬ ಊರಿನಲ್ಲಿ ಉಳಿದುಕೊಳ್ಳುತ್ತಾರೆ.

ಈ ಬೆಟ್ಟಗಳಿಗೆ ಶುಭಸಂದೇಶ ಬಂದದ್ದು ತಡವಾಗಿ. ಪೋರ್ಚುಗೀಸರ ಕಾಲದ ವಿಶ್ವಾಸ ಪೂರ್ವ ತುದಿಯ ಲರಾಂತುಕದಲ್ಲಿ ಉಳಿದುಕೊಂಡಿತು; ಮಂಗರಾಯಿಯಲ್ಲಿ ಮೊದಲ ದೀಕ್ಷಾಸ್ನಾನಗಳು ನಡೆದದ್ದು 1912ರಲ್ಲಿ, ಉತ್ತರ ಕರಾವಳಿಯ ರೆಯೊದಲ್ಲಿ. ಯೇಸುಸಭೆಯವರ ಕೈಯಿಂದ ದಿವ್ಯವಾಕ್ಯ ಸಭೆಯ ಗುರುಗಳು ಕೆಲಸ ವಹಿಸಿಕೊಂಡದ್ದು 1914ರಲ್ಲಿ. ಆರಂಭದ ಮಿಶನರಿಗಳಲ್ಲಿ ಹಲವರಿಗೆ ನಗಾರಿ, ಬಲಿ, ಗೂಟದ ಪೂಜೆ ಇವೆಲ್ಲ ಅಜ್ಞಾನದ ಕುರುಹುಗಳಾಗಿ ಕಂಡವು. 1951ರಲ್ಲಿ ರುತೆಂಗಿನ ಹೊಣೆ ಹೊತ್ತ ವಿಲ್ಹೆಲ್ಮ್ ವಾನ್ ಬೆಕ್ಕುಮ್ ಎಂಬ ಡಚ್ ಧರ್ಮಾಧ್ಯಕ್ಷರು ಬೇರೆ ದಾರಿ ಹಿಡಿದರು. ಪೆಂತಿ ಎಂಬುದು ಮಂಗರಾಯಿಯ ಕೃಷಿ ವರ್ಷಾರಂಭ, ಬೆಳೆಗೆ ಕೃತಜ್ಞತೆ ಹೇಳುವ ಹಬ್ಬ. ಆ ಹಬ್ಬದ ಕೋಣಬಲಿಯ ಆಚರಣೆಯನ್ನೂ ಪವಿತ್ರ ಬಲಿಪೂಜೆಯನ್ನೂ ಅವರು ಒಂದೆಡೆ ತಂದರು. ಜನರ ಬಾಯಲ್ಲಿ ಅದಕ್ಕೆ ಕೋಣದ ಪೂಜೆಯೆಂದೇ ಹೆಸರಾಯಿತು! 1956ರಲ್ಲಿ ಅಸ್ಸಿಸಿಯಲ್ಲಿ ನಡೆದ ದೈವಾರಾಧನೆಯ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ, ಮಿಶನ್ ನಾಡುಗಳಲ್ಲಿ ಆರಾಧನೆಯ ನವೀಕರಣದ ಬಗ್ಗೆ ಅವರು ಮಾತನಾಡಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆ ಸೇರಲು ಆಗ ಇನ್ನೂ ಆರು ವರ್ಷಗಳಿದ್ದವು. ಮಾತೆ ಮರಿಯಮ್ಮನವರ ಜನ್ಮೋತ್ಸವದಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೊಯ್ಯುವ ನಮ್ಮ ಕರಾವಳಿಯ ಕುಟುಂಬಗಳಿಗೆ ಈ ಧರ್ಮಾಧ್ಯಕ್ಷರ ಮನಸ್ಸನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಚಿಂತೆಯ ಮಾತು. ಇಂಡೊನೇಷ್ಯದ 1960ರ ಮೂಲಭೂತ ಭೂಕಾನೂನು ಊರೊಟ್ಟಿನ ಭೂಮಿಯನ್ನು ಮನ್ನಿಸುತ್ತದೆ, ಆದರೆ ಅದು ದೇಶದ ಹಿತಕ್ಕೆ ಹೊಂದಿರಬೇಕೆಂಬ ನಿಬಂಧನೆಯೊಡನೆ. ಆ ನಿಬಂಧನೆಯಲ್ಲಿಯೇ ಎಲ್ಲ ತೊಡಕು. ಜೊತೆಗೆ, ನೀರಾವರಿಯ ಭತ್ತ, ಕಾಫಿ ಮುಂತಾದ ಕಾಯಂ ಬೆಳೆಗಳು ಬಂದ ಮೇಲೆ ಹಂಚಿದ ಪಾಲನ್ನು ಮತ್ತೆ ಹಂಚುವುದು ನಿಂತಿತು. ಪಾಲು ತಂದೆಯಿಂದ ಮಗನಿಗೆ ಇಳಿಯುವ ಆಸ್ತಿಯಾಯಿತು. ಆಸ್ತಿಯಾದ ಮೇಲೆ ಹಕ್ಕುಪತ್ರ, ಹಕ್ಕುಪತ್ರದ ಬೆನ್ನಿಗೆ ಮಾರಾಟ. ಕೊಮೊಡೊ ದ್ವೀಪದ ದೈತ್ಯ ಉಡಗಳನ್ನು ನೋಡಲು ಬರುವವರಿಂದ ಲಾಬುವಾನ್ ಬಾಜೊ ಬೆಳೆಯಿತು. 2023ರ ಮೇ ತಿಂಗಳಿನಲ್ಲಿ ಆಸಿಯಾನ್ ಶೃಂಗಸಭೆಯೂ ಅಲ್ಲಿಯೇ ನಡೆಯಿತು. ಒಂದು ಕಾಲಕ್ಕೆ ಹುಂಜ ಮತ್ತು ಕಳ್ಳಿಗೆ ದೊರೆತ ಕಡಲಂಚಿನ ಭೂಮಿಗೆ ಹೋಟೆಲಿನವರು ಬಂದು ನಿಂತರು. ಯಾರಿಗೆ ಯಾವ ಹಿರಿಯರು ಎಷ್ಟು ಕೊಟ್ಟರು ಎಂಬುದಕ್ಕೆ ಸಾಕ್ಷಿಗಳಾಗಿದ್ದವರು ತೀರಿಹೋಗಿದ್ದಾರೆ, ಮೊಮ್ಮಕ್ಕಳು ನ್ಯಾಯಾಲಯದಲ್ಲಿದ್ದಾರೆ. ಒಂದೇ ನೆಲಕ್ಕೆ ಇಬ್ಬರ ಹೆಸರಿನಲ್ಲಿ ಪತ್ರ ಹುಟ್ಟಿದ ವ್ಯಾಜ್ಯಗಳೂ ಇವೆ.

ಬೆಟ್ಟದ ಮೇಲಿನ ಗೋಳು ಬೇರೆ ಬಗೆಯದು. ಊರವರು ತಮ್ಮದೆಂದು ತಿಳಿದ ನೆಲವನ್ನು ಸರಕಾರ ರಕ್ಷಿತಾರಣ್ಯವೆಂದಿತು. ಗಡಿ ಎಳೆದದ್ದು ಡಚ್ಚರ ಕಾಲದಲ್ಲಿ. 2003-04ರಲ್ಲಿ ಜಿಲ್ಲಾಡಳಿತವು ಅಂತಹ ಜಾಗಗಳಲ್ಲಿದ್ದ ಕಾಫಿ ಗಿಡಗಳನ್ನು ಕಡಿಸಿತು. ಬಂಧಿತರಾದವರನ್ನು ಬಿಡಿಸಿಕೊಳ್ಳಲು 2004ರ ಮಾರ್ಚ್ 10ರಂದು ರುತೆಂಗಿನ ಪೊಲೀಸ್ ಠಾಣೆಗೆ ಬಂದ ರೈತರ ಮೇಲೆ ಗುಂಡು ಹಾರಿತು. ಆರು ಮಂದಿ ಸತ್ತರು. ಅದು ತಪಸ್ಸುಕಾಲದ ಒಂದು ಬುಧವಾರ. ಊರೊಟ್ಟಿನ ಅರಣ್ಯವು ಸರಕಾರದ ಅರಣ್ಯವಲ್ಲ ಎಂದು ಆ ದೇಶದ ಸಂವಿಧಾನ ನ್ಯಾಯಾಲಯ ತೀರ್ಪಿತ್ತದ್ದು 2013ರಲ್ಲಿ. ಸತ್ತವರ ಪಾಲಿಗೆ ಒಂಬತ್ತು ವರ್ಷ ತಡವಾಗಿ. 2017ರಲ್ಲಿ ಫ್ಲೋರೆಸನ್ನು ಭೂಗರ್ಭ ಶಾಖದಿಂದ ವಿದ್ಯುತ್ ತೆಗೆಯುವ ದ್ವೀಪವೆಂದು ಸರಕಾರ ಘೋಷಿಸಿತು. ರುತೆಂಗಿನ ದಕ್ಷಿಣದ ಪೊಚೊ ಲೆಯೊಕ್ ಹಳ್ಳಿಗಳು ಇದನ್ನು ವಿರೋಧಿಸಿವೆ. 2025ರಲ್ಲಿ ಎಂದೆ ಧರ್ಮವಲಯದ ಧರ್ಮಾಧ್ಯಕ್ಷರೂ ಈ ಯೋಜನೆಗಳು ಬೇಡವೆಂದು ಬಹಿರಂಗವಾಗಿ ಹೇಳಿದರು. ವಿದ್ಯುತ್ತಿನ ಅಗತ್ಯ ಆ ಹಳ್ಳಿಗಳಿಗೂ ಇಲ್ಲದಿಲ್ಲ. ಆದರೆ ಹೊಲ ಹೋದರೆ ನಗಾರಿಯೂ ಹೋದಂತೆ ಎಂಬ ಅವರ ಭಯವನ್ನು ಲಿಂಗ್ಕೊವಿನ ಕತೆ ತಿಳಿದ ಮೇಲೆ ನಾವು ಹಗುರವಾಗಿ ಕಾಣಲಾರೆವು.

ಹೆಣ್ಣುಮಕ್ಕಳ ವಿಷಯದಲ್ಲಿ ಹಳೆಯ ಪದ್ಧತಿಯೇ ಕಠಿಣ. ಮಗನನ್ನು ಒಳಗಿನವನೆಂದೂ ಮಗಳನ್ನು ಹೊರಗಿನವಳೆಂದೂ ಕರೆಯುವ ರೂಢಿಯಿದೆ, ಹೊಲ ಒಳಗಿನವನಿಗೆ. ಪ್ರೀತಿಯಿಂದ ತಂದೆಯೊಬ್ಬ ಮಗಳಿಗೆ ಒಂದು ತುಂಡು ನೆಲವನ್ನು ಬಳುವಳಿಯಾಗಿ ಕೊಡುವುದುಂಟು, ಆದರೆ ಅದೂ ಬಾಯಿಮಾತಿನಲ್ಲಿ. ಅವಳಿಗಾದರೆ ಹಕ್ಕುಪತ್ರವೇ ರಕ್ಷೆ. ಕಾಗದವನ್ನು ಬೈಯುತ್ತ ಬಂದ ನಾವು ಇಲ್ಲಿ ತುಸು ತಡವರಿಸಬೇಕಾಗಿದೆ. ಗಂಡಸರಲ್ಲಿಯೂ ದುಡಿಮೆಗೆಂದು ಮಲೇಷ್ಯದ ತೋಟಗಳಿಗೆ ಹೋದವರು ಅನೇಕರು. ಮಗನೋ ಮಗಳೋ ಕಾಲೇಜು ಸೇರುವುದಾದರೆ ಶಾಲೆಯ ಔತಣವೆಂದು ಊರಿಗೆ ಊಟ ಹಾಕಿ, ಬಂದವರಿಂದ ಮುಯ್ಯಿಯ ರೂಪದಲ್ಲಿ ಹಣ ಕೂಡಿಸುತ್ತಾರೆ. ಅದನ್ನು ನೆರೆಯವರ ಸರದಿ ಬಂದಾಗ ಹಿಂದಿರುಗಿಸಬೇಕು.

2024ರ ಜೂನಿನಲ್ಲಿ ಪೋಪ್ ಫ್ರಾನ್ಸಿಸರು ರುತೆಂಗನ್ನು ವಿಭಜಿಸಿ ಲಾಬುವಾನ್ ಬಾಜೊವನ್ನು ಪ್ರತ್ಯೇಕ ಧರ್ಮಪ್ರಾಂತ್ಯವಾಗಿಸಿದರು. ಬಾಲಿಯಿಂದ ಅಲ್ಲಿಗೆ ವಿಮಾನವಿದೆ. ನಮ್ಮ ಓದುಗರಲ್ಲಿ ಯಾರಾದರೂ ಆ ಕಡೆ ಹೋಗುವುದಾದರೆ ಮೇ ತಿಂಗಳಿನಿಂದ ಅಕ್ಟೋಬರಿನೊಳಗೆ, ಮಳೆ ಇಲ್ಲದಾಗ ಹೋಗುವುದು ಒಳ್ಳೆಯದು. ವಾಯೆ ರೆಬೊದ ಏರುದಾರಿ ಮುಗಿಯುವಲ್ಲಿ ಒಂದು ಚಪ್ಪರವಿದೆ; ಅಲ್ಲಿಯ ಬಿದಿರಿನ ಸದ್ದುಕೊಳವೆಯನ್ನು ಬಡಿದು, ಬರುತ್ತಿದ್ದೇವೆಂದು ಊರಿಗೆ ತಿಳಿಸಬೇಕು. ಮೊದಲು ನಗಾರಿಯ ಮನೆಗೆ ಹೋಗಿ ಕುಳಿತು, ಹಿರಿಯರು ಪೂರ್ವಜರಿಗೆ ಅತಿಥಿಯನ್ನು ಪರಿಚಯಿಸುವವರೆಗೆ ಕಾಯಬೇಕು. ಅಲ್ಲಿಯವರೆಗೆ ಛಾಯಾಚಿತ್ರ ತೆಗೆಯುವಂತಿಲ್ಲ. ಆಮೇಲೆ ಊರಿನದೇ ಕಾಫಿ ಬರುತ್ತದೆ. ರಾತ್ರಿ ಚಾಪೆಯ ಮೇಲೆ ಎಲ್ಲರೂ ಸಾಲಾಗಿ ಮಲಗುವುದು; ತಲೆಯ ಮೇಲಿನ ಅಂತಸ್ತುಗಳಲ್ಲಿ ಮುಂದಿನ ವರ್ಷದ ಬೀಜವಿರುತ್ತದೆ.