ಬಿಸಿ ದಾಟಿಸುವ ಪ್ಲಾಸ್ಟಿಕ್

ಚಾರ್ಜಿಗೆ ಹಾಕಿದ ಅಡಾಪ್ಟರ್ ಮುಟ್ಟಿ ನೋಡಿ, ಬೆಚ್ಚಗಿರುತ್ತೆ. ಒಳಗೆ ಇನ್ನೂ ಬಿಸಿ. ಅದು ಸಲೀಸಾಗಿ ಹೊರಬರದಿರಲು ಒಂದು ಕಾರಣ ಪ್ಲಾಸ್ಟಿಕ್ ಕವಚ. ಶಾಖ ಸಾಗಿಸೋದರಲ್ಲಿ ಅಲ್ಯೂಮಿನಿಯಂಗೆ 200ಕ್ಕೂ ಹೆಚ್ಚು ಅಂಕ ಕೊಟ್ಟರೆ, ಪ್ಲಾಸ್ಟಿಕ್‌ಗೆ ಸಿಗೋದು ಸುಮಾರು 0.2.

ಹಾಗಾದ್ರೆ ಲೋಹವನ್ನೇ ಹಾಕಬಾರದಾ? ಅದು ಕರೆಂಟನ್ನೂ ದಾಟಿಸುತ್ತೆ. ಅದಕ್ಕೇ ಅಲ್ಯೂಮಿನಾ, ಬೋರಾನ್ ನೈಟ್ರೈಡ್‌ನಂಥ ಸೆರಾಮಿಕ್ ಪುಡಿ ಬೆರೆಸುತ್ತಾರೆ. ಇವು ಶಾಖವನ್ನು ಬಿಡುತ್ತವೆ, ಕರೆಂಟನ್ನು ತಡೆಯುತ್ತವೆ.

ಪುಡಿ ಕಡಿಮೆಯಾದರೆ ಕಣಗಳು ಒಂದಕ್ಕೊಂದು ತಾಗದೆ, ಶಾಖ ನಡುವಿನ ಪ್ಲಾಸ್ಟಿಕ್ಕಿನಲ್ಲೇ ಸಿಕ್ಕಿಕೊಳ್ಳುತ್ತೆ. ಜಾಸ್ತಿಯಾದರೆ ಕರಗಿದ ಪ್ಲಾಸ್ಟಿಕ್ ಮಂದವಾಗಿ ಅಚ್ಚಿಗೆ ಇಳಿಯಲ್ಲ; ಆದ ವಸ್ತುವೂ ಬೇಗ ಮುರಿಯುತ್ತೆ.

ಇಲ್ಲೇ ಮಿಶ್ರಣ ಕೆಲಸಕ್ಕೆ ಬರೋದು. ಕಾಂಕ್ರೀಟಿನಲ್ಲಿ ಜಲ್ಲಿ ಸಂದಿಗೆ ಮರಳು ಕೂರುವ ಹಾಗೆ, ದೊಡ್ಡ ಕಣಗಳ ನಡುವೆ ಸಣ್ಣವು ಕೂತು ಸೇತುವೆಯಾಗುತ್ತವೆ. ಆಕಾರವೂ ಮುಖ್ಯ. ಬೋರಾನ್ ನೈಟ್ರೈಡ್ ಕಣ ಚಪ್ಪಟೆ ಬಿಲ್ಲೆ. ಅಚ್ಚಿನಲ್ಲಿ ಹರಿಯುವಾಗ ಮಲಗಿಬಿಡುತ್ತೆ. ಆಗ ಶಾಖ ಗೋಡೆಯ ಉದ್ದಕ್ಕೆ ಓಡುತ್ತೆ, ಗೋಡೆ ದಾಟಿ ಹೊರಬರೋದು ಕಡಿಮೆ. ಗುಂಡಗಿನ ಅಲ್ಯೂಮಿನಾ ಜೊತೆಗಿದ್ದರೆ ಕೆಲವು ಬಿಲ್ಲೆಗಳು ಓರೆಯಾಗಿ ನಿಲ್ಲುತ್ತವೆ. ದುಬಾರಿ ಬೋರಾನ್ ನೈಟ್ರೈಡೂ ಕಡಿಮೆ ಸಾಕು.

ಇಷ್ಟಾದರೂ ಅಲ್ಯೂಮಿನಿಯಂ ಮಟ್ಟ ಮುಟ್ಟಲ್ಲ. ಆದರೆ 0.2 ಇದ್ದದ್ದು 2 ಆದರೂ ಹತ್ತು ಪಟ್ಟು! ಎಲ್‌ಇಡಿ ಬಲ್ಬು, ಇವಿ ಬ್ಯಾಟರಿಗಳ ಆಯಸ್ಸು ಬಹುಪಾಲು ಬಿಸಿಯ ಮೇಲೇ ನಿಂತಿದೆ. ಕೊಳ್ಳುವಾಗ ವ್ಯಾಟ್ ಎಷ್ಟು ಅಂತ ನೋಡ್ತೀವಲ್ಲ, ಬಿಸಿ ಹೊರಹೋಗೋ ದಾರಿ ಯಾವುದು ಅಂತಲೂ ಒಮ್ಮೆ ನೋಡಿ.